ಊರಿನ ಕಥೆ ಮೊಬೈಲಿಗೆ ಬಂದರೆ ಮಕ್ಕಳ ಓದು ಸುಧಾರಿಸುತ್ತದೆಯೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಶಿಕ್ಷಕಿ. 1ರಿಂದ 3ನೇ ತರಗತಿ ಮಕ್ಕಳು ಒಂದೇ ಕೊಠಡಿಯಲ್ಲಿದ್ದಾರೆ. 3ನೇ ತರಗತಿಗೆ ಬಂದರೂ ಅರ್ಧಕ್ಕರ್ಧ ಮಕ್ಕಳು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ, ಒತ್ತಕ್ಷರ ಬಂದರೆ ನಿಂತುಬಿಡುತ್ತಾರೆ. ಆದರೆ ಕಥೆ ಎಂದರೆ ಪ್ರಾಣ. ಮನೆಯಲ್ಲಿ ಮೊಬೈಲಿನಲ್ಲಿ ಕಥೆಯ ವಿಡಿಯೋ ನೋಡುತ್ತಾರೆ. ಊರಿನಲ್ಲಿ ಕಥೆ ಹೇಳುವ ಅಜ್ಜಿಯರು ಇನ್ನೂ ಇದ್ದಾರೆ. ಆ ಕಥೆಗಳನ್ನು ವಿಡಿಯೋ ಅಥವಾ ಇ-ಪುಸ್ತಕ ಮಾಡಿ ತೋರಿಸಿದರೆ ಓದು ನಿಜಕ್ಕೂ ಸುಧಾರಿಸುತ್ತದೆಯೇ? ಅಥವಾ ಮಕ್ಕಳಿಗೆ ಇನ್ನಷ್ಟು ಮೊಬೈಲ್ ಹುಚ್ಚು ಹಿಡಿಸಿದಂತೆ ಆಗುತ್ತದೆಯೇ? ಶಾಲೆಯಲ್ಲಿ ಒಂದು ಟಿವಿ ಇದೆ, ನನ್ನ ಫೋನ್ ಇದೆ. ಇಷ್ಟರಲ್ಲಿ ಏನು ಮಾಡಬಹುದು?

ಉತ್ತರ: ಸುಧಾರಿಸುತ್ತದೆ ಮೇಡಂ. ಆದರೆ ಒಂದು ಷರತ್ತಿದೆ. ಕಥೆ ನಡೆಯುತ್ತಿರುವಾಗ ಮಗುವಿನ ಕಣ್ಣು ಅಕ್ಷರದ ಮೇಲೆ ಇರಬೇಕು. ಕಥೆ ಎಷ್ಟೇ ಚೆನ್ನಾಗಿರಲಿ, ಚಿತ್ರ ಎಷ್ಟೇ ಅಂದವಾಗಿರಲಿ, ಪರದೆಯ ಮೇಲೆ ಓದಲು ಏನೂ ಇಲ್ಲದಿದ್ದರೆ ಓದು ಬೆಳೆಯುವುದಿಲ್ಲ. ಮಗುವಿನ ಮಾತು ಬೆಳೆಯಬಹುದು, ಕಲ್ಪನೆ ಬೆಳೆಯಬಹುದು. ಅವೂ ಬೇಕಾದವೇ. ಆದರೆ ನೀವು ಕೇಳಿದ್ದು ಓದಿನ ಬಗ್ಗೆ. ಹಾಗಾಗಿ ಆ ಒಂದು ಷರತ್ತನ್ನು ಹಿಡಿದುಕೊಂಡೇ ಮುಂದೆ ಹೋಗುತ್ತೇನೆ.

ಮೊದಲು, ಊರಿನ ಕಥೆಯೇ ಯಾಕೆ? ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಓದನ್ನು ಸರಳವಾಗಿ ಹೀಗೆ ವಿವರಿಸಿದರು: ಓದು ಎಂದರೆ ಅಕ್ಷರ ಬಿಡಿಸುವ ಶಕ್ತಿಯನ್ನು ಮಾತು ಅರ್ಥಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದ್ದು. ಕೂಡಿಸಿದ್ದಲ್ಲ, ಗುಣಿಸಿದ್ದು. ಎರಡರಲ್ಲಿ ಒಂದು ಸೊನ್ನೆಯಾದರೂ ಓದು ಸೊನ್ನೆ. ನಿಮ್ಮ ಮಕ್ಕಳಿಗೆ ಕಷ್ಟವಾಗುತ್ತಿರುವುದು ಮೊದಲನೆಯದು, ಅಕ್ಷರ ಬಿಡಿಸುವುದು. ಅದೇ ಹೊತ್ತಿನಲ್ಲಿ ಗೊತ್ತಿಲ್ಲದ ವಿಷಯ, ಕೇಳಿರದ ಪದ, ಬಳಸದ ವಾಕ್ಯವನ್ನೂ ಕೊಟ್ಟರೆ ಎರಡೂ ಕಡೆಯಿಂದ ಭಾರ ಬೀಳುತ್ತದೆ. ಅಜ್ಜಿ ಹೇಳಿದ ಕಥೆಯಲ್ಲಿ ಎರಡನೇ ಭಾರ ಇಲ್ಲವೇ ಇಲ್ಲ. ಮುಂದೆ ಏನಾಗುತ್ತದೆ ಎಂದು ಮಗುವಿಗೆ ಗೊತ್ತು. ಗುಬ್ಬಿ ಬಾಗಿಲು ತೆಗೆಯಲಿಲ್ಲ ಎಂದು ಗೊತ್ತು. ಆದ್ದರಿಂದ ಇರುವ ಶಕ್ತಿಯನ್ನೆಲ್ಲ ಅಕ್ಷರಕ್ಕೇ ಕೊಡಬಹುದು.

ದೊಡ್ಡವರಲ್ಲೂ ಇದು ನಿಜ. 1979ರಲ್ಲಿ ಸ್ಟೆಫೆನ್ಸೆನ್, ಜೋಗ್-ದೇವ್ ಮತ್ತು ಆಂಡರ್ಸನ್ ಎಂಬುವರು ಭಾರತದವರಿಗೂ ಅಮೆರಿಕದವರಿಗೂ ಎರಡು ಪತ್ರ ಓದಲು ಕೊಟ್ಟರು. ಒಂದರಲ್ಲಿ ಭಾರತದ ಮದುವೆ, ಇನ್ನೊಂದರಲ್ಲಿ ಅಮೆರಿಕದ ಮದುವೆ. ಇಬ್ಬರೂ ತಮ್ಮ ಕಡೆಯ ಮದುವೆಯ ಪತ್ರವನ್ನು ಬೇಗ ಓದಿದರು, ಅದನ್ನೇ ಜಾಸ್ತಿ ನೆನಪಿಟ್ಟುಕೊಂಡರು. ಓದಿ ಬಲ್ಲ ದೊಡ್ಡವರಿಗೇ ಇಷ್ಟು ವ್ಯತ್ಯಾಸ ಆಗುವುದಾದರೆ, ಒತ್ತಕ್ಷರದ ಮುಂದೆ ನಿಂತ 8 ವರ್ಷದ ಮಗುವಿಗೆ ಎಷ್ಟಾಗಬೇಡ?

ಇನ್ನು ವಿಡಿಯೋ. ಚಿಕ್ಕ ಮಕ್ಕಳಿಗೆ ಚಿತ್ರ ಮತ್ತು ಅಕ್ಷರ ಎರಡನ್ನೂ ಒಟ್ಟಿಗೆ ತೋರಿಸಿದರೆ ಕಣ್ಣು ಎತ್ತ ಹೋಗುತ್ತದೆ? ಇವಾನ್ಸ್ ಮತ್ತು ಸೇಂಟ್-ಓಬಿನ್ 2005ರಲ್ಲಿ ಕಣ್ಣಿನ ಚಲನೆ ಅಳೆಯುವ ಉಪಕರಣ ಇಟ್ಟು ನೋಡಿದರು. ದೊಡ್ಡವರು ಕಥೆಪುಸ್ತಕ ಓದಿ ಹೇಳುವಾಗ 4-5 ವರ್ಷದ ಮಕ್ಕಳು ಅಕ್ಷರದ ಕಡೆ ನೋಡುವುದು ತೀರಾ ಕಡಿಮೆ, ಕಣ್ಣೆಲ್ಲ ಚಿತ್ರದ ಮೇಲೆಯೇ. ಅದು ಅಲುಗಾಡದ ಚಿತ್ರ. ಬಣ್ಣ ಬಣ್ಣವಾಗಿ ಕುಣಿಯುವ ಕಾರ್ಟೂನ್ ಇದ್ದರೆ ಅಕ್ಷರಕ್ಕೆ ಯಾವ ಅವಕಾಶವೂ ಉಳಿಯುವುದಿಲ್ಲ. ಮಕ್ಕಳು ಮನೆಯಲ್ಲಿ ನೋಡುವ ಕಥೆಯ ವಿಡಿಯೋಗಳಲ್ಲಿ ಬಹುಪಾಲು ಇಂಥವು. ನೋಡುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಅದರಿಂದ ಓದು ಬರುತ್ತದೆ ಎಂದು ಕಾಯಬೇಡಿ, ಅಷ್ಟೇ.

ಪರದೆಯಿಂದಲೇ ಓದು ಬೆಳೆಸಿದ ಒಂದು ಒಳ್ಳೆಯ ದಾರಿ ನಮ್ಮ ದೇಶದಲ್ಲೇ ಇದೆ. ಬ್ರಿಜ್ ಕೊಠಾರಿ ಅವರು 1996ರಲ್ಲಿ ಒಂದು ಯೋಚನೆ ಮಾಡಿದರು, ಅಹಮದಾಬಾದಿನ ಐಐಎಂನಲ್ಲಿ ಅದನ್ನು ಬೆಳೆಸಿದರು. ಟಿವಿಯಲ್ಲಿ ಬರುವ ಸಿನಿಮಾ ಹಾಡಿನ ಕೆಳಗೆ, ಹಾಡಿನ ಭಾಷೆಯಲ್ಲೇ, ಹಾಡಿನ ಸಾಲನ್ನು ತೋರಿಸುವುದು. ಗಾಯಕರ ದನಿ ಯಾವ ಪದದ ಮೇಲಿದೆಯೋ ಆ ಪದದ ಬಣ್ಣ ಬದಲಾಗುತ್ತದೆ. 1999ರಲ್ಲಿ ಗುಜರಾತಿ ಹಾಡುಗಳ ದೂರದರ್ಶನ ಕಾರ್ಯಕ್ರಮದಲ್ಲಿ ಇದು ಮೊದಲು ಬಂತು, ಆಮೇಲೆ ಹಿಂದಿ ಕಾರ್ಯಕ್ರಮಗಳಿಗೂ ಹೋಯಿತು. ಇಲ್ಲಿ ಕೆಲಸ ಮಾಡುವ ಅಂಶಗಳು ಮೂರು: ಹಾಡು ಮೊದಲೇ ಕಿವಿಯಲ್ಲಿದೆ, ಸಾಲು ಮತ್ತೆ ಮತ್ತೆ ಬರುತ್ತದೆ, ದನಿ ಮತ್ತು ಅಕ್ಷರ ಒಟ್ಟಿಗೆ ನಡೆಯುತ್ತವೆ. ಊರಿನ ಕಥೆಗೂ ಈ ಮೂರನ್ನೂ ಕೊಡಬಹುದು, ಅಲ್ವಾ? ನಿಮ್ಮ ಕೆಲಸವೆಲ್ಲ ಈ ಮೂರರ ಸುತ್ತಲೇ ಇರಲಿ.

ಯಾವ ಕಥೆ ಆರಿಸಬೇಕು ಎಂಬುದು ತುಂಬಾ ಮುಖ್ಯ. ಇಲ್ಲೇ ಹೆಚ್ಚು ಹೊತ್ತು ಕಳೆಯಿರಿ ಎನ್ನುತ್ತೇನೆ. ರಾಜಕುಮಾರಿ, ಏಳು ಸಮುದ್ರ, ರಾಕ್ಷಸನ ಪ್ರಾಣ ಇರುವ ಗಿಳಿ, ಇಂಥ ಉದ್ದ ಕಥೆಗಳು ಕೇಳಲು ಸೊಗಸು. ಓದಲು ಕಲಿಯುವವರಿಗೆ ಬೇಕಾದ್ದು ಬೇರೆ. ಒಂದೇ ವಾಕ್ಯ ತಿರುಗಿ ತಿರುಗಿ ಬರುವ ಕಥೆ ಬೇಕು. ಕಾಗಕ್ಕ ಗುಬ್ಬಕ್ಕನ ಕಥೆ ನೋಡಿ. ಮಳೆಗೆ ಕಾಗೆಯ ಸಗಣಿ ಮನೆ ಕರಗಿಹೋಗುತ್ತದೆ. ಕಾಗೆ ಬಂದು ಬಾಗಿಲು ತಟ್ಟುತ್ತದೆ. ಗುಬ್ಬಿ ಪ್ರತಿ ಸಲವೂ ಒಂದೊಂದು ಕೆಲಸದ ನೆಪ ಹೇಳುತ್ತದೆ. ಕರೆಯುವ ಸಾಲು ಹಾಗೇ ಇರುತ್ತದೆ, ನೆಪ ಮಾತ್ರ ಬದಲಾಗುತ್ತದೆ. ಮಗು ಕರೆಯುವ ಸಾಲನ್ನು ಮೂರನೇ ಸಲಕ್ಕೆ ಸಲೀಸಾಗಿ ಓದುತ್ತದೆ. ಹೊಸ ನೆಪದ ಹತ್ತಿರ ಮಾತ್ರ ನಿಂತು ಅಕ್ಷರ ಬಿಡಿಸುತ್ತದೆ. ಅಂದರೆ ಕಷ್ಟ ಎಲ್ಲಿ ಬರಬೇಕು, ಎಷ್ಟು ಬರಬೇಕು ಎನ್ನುವುದನ್ನು ಕಥೆಯೇ ಅಳೆದು ಕೊಟ್ಟಂತಾಯಿತು.

ಬಾಲ ಕಳೆದುಕೊಂಡ ಕೋತಿಯ ಕಥೆ ಇದಕ್ಕಿಂತಲೂ ಒಳ್ಳೆಯದು. ಬಾಲ ಹೋಯ್ತು ಕತ್ತಿ ಬಂತು, ಕತ್ತಿ ಹೋಯ್ತು ಸೌದೆ ಬಂತು, ಹೀಗೆ ಕೊನೆಗೆ ಡೋಲು ಸಿಗುವವರೆಗೆ ಸಾಗುತ್ತದೆ. ಊರಿಂದ ಊರಿಗೆ ವಸ್ತುಗಳು ಬೇರೆಯಾಗುತ್ತವೆ, ಅಚ್ಚು ಒಂದೇ. ಪ್ರತಿ ಸಾಲಿನಲ್ಲಿ "ಹೋಯ್ತು", "ಬಂತು" ಹಾಗೇ ಇರುತ್ತವೆ. ಹಿಂದಿನ ಸಾಲಿನಲ್ಲಿ ಬಂದ ವಸ್ತು ಈ ಸಾಲಿನಲ್ಲಿ ಹೋಗುತ್ತದೆ. ಒಂದು ಪದ ಮಾತ್ರ ಪೂರ್ತಿ ಹೊಸದು. ಇದನ್ನು ಯಾವ ಪಠ್ಯಪುಸ್ತಕ ಸಮಿತಿಯೂ ಕೂತು ಬರೆದದ್ದಲ್ಲ. ಓದು ಕಲಿಸಲು ಇಷ್ಟು ಹದವಾದ ಪಠ್ಯ ಜನರ ಬಾಯಲ್ಲೇ ತಯಾರಾಗಿದೆ ಎನ್ನುವುದು ನನಗೆ ಇವತ್ತಿಗೂ ಸಂತೋಷ ಕೊಡುವ ವಿಷಯ.

ಕಥೆಗಿಂತ ಮೊದಲು ಒಗಟಿನಿಂದ ಶುರು ಮಾಡಿ ಎಂದೂ ಹೇಳುತ್ತೇನೆ. ಯಾಕೆಂದರೆ ಕನ್ನಡದ ಲಿಪಿಗೆ ಸಮಯ ಬೇಕು. ವರ್ಣಮಾಲೆಯ 49 ಅಕ್ಷರ ಕಲಿತರೆ ಮುಗಿಯಲಿಲ್ಲ. 34 ವ್ಯಂಜನಗಳ ಕಾಗುಣಿತ ಸೇರಿದರೆ ರೂಪಗಳು 400 ದಾಟುತ್ತವೆ. ಅದರ ಮೇಲೆ ಒತ್ತಕ್ಷರ. ಸೊನಾಲಿ ನಾಗ್ ಅವರು ಕನ್ನಡ ಶಾಲೆಗಳ ಮಕ್ಕಳ ಓದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಇಂಗ್ಲಿಷಿನ ಅಕ್ಷರಗಳಿಗಿಂತ ಕನ್ನಡದ ಅಕ್ಷರಗಳ ಕಲಿಕೆಗೆ ತುಂಬಾ ಹೆಚ್ಚು ಕಾಲ ಹಿಡಿಯುತ್ತದೆ, ಅದು 3-4ನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂದು ಅದರಲ್ಲಿ ಕಾಣುತ್ತದೆ. ಹಾಗಾಗಿ ನಿಮ್ಮ 3ನೇ ತರಗತಿ ಮಕ್ಕಳು ಒತ್ತಕ್ಷರಕ್ಕೆ ನಿಲ್ಲುತ್ತಾರೆ ಎಂದು ದಿಗಿಲು ಬೇಡ. ಅವರು ದಡ್ಡರಲ್ಲ, ನಿಮ್ಮ ಪಾಠವೂ ಸೋತಿಲ್ಲ. ಅವರಿಗೆ ಒಂದೇ ಅಕ್ಷರವನ್ನು ಹಲವು ಸಲ, ಅರ್ಥವಿರುವ ಜಾಗದಲ್ಲಿ, ನೋಡುವ ಅವಕಾಶ ಬೇಕು.

"ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ." ಎಲ್ಲರಿಗೂ ಗೊತ್ತಿರುವ ಮಲ್ಲಿಗೆಯ ಒಗಟು. ಐದೇ ಪದ. ಒತ್ತಕ್ಷರ ಒಂದೇ, ಅದೂ ಸಜಾತಿ ಒತ್ತು, ಲ ಕೆಳಗೆ ಲ. ಉತ್ತರದ ಪದದಲ್ಲೂ ಅದೇ ಒತ್ತು, ಅದೇ "ಲ್ಲಿ". ಟಿವಿಯ ಮೇಲೆ ದೊಡ್ಡ ಅಕ್ಷರದಲ್ಲಿ ಈ ಸಾಲು ಮಾತ್ರ ಇರಲಿ, ಚಿತ್ರ ಬೇಡ. ಓದದೆ ಉತ್ತರ ಹೇಳಲು ಬರುವುದಿಲ್ಲ, ಉತ್ತರ ಹೇಳುವ ಆಸೆಯೋ ತಡೆಯುವುದಿಲ್ಲ. ಉತ್ತರ ಬಂದ ಮೇಲೆ ಹೂವಿನ ಚಿತ್ರ, ಅದರ ಕೆಳಗೆ "ಮಲ್ಲಿಗೆ". ದಿನಕ್ಕೊಂದು ಒಗಟು ಸಾಕು. ಮಕ್ಕಳಿಗೇ "ಮನೆಯಲ್ಲಿ ಕೇಳಿಕೊಂಡು ಬನ್ನಿ" ಎಂದರೆ ನಿಮಗೆ ವರ್ಷಕ್ಕಾಗುವಷ್ಟು ಒಗಟು ಬರುತ್ತವೆ.

ಈಗ ಅಜ್ಜಿಯರ ಹತ್ತಿರ ಹೋಗುವ ವಿಷಯ. ದನಿಮುದ್ರಣಕ್ಕೆ ನಿಮ್ಮ ಫೋನೇ ಸಾಕು. ಫ್ಯಾನ್ ಆರಿಸಿ, ಫೋನನ್ನು ಅವರ ಬಾಯಿಂದ ಒಂದು ಗೇಣು ದೂರದಲ್ಲಿ ಮೆತ್ತನೆ ಬಟ್ಟೆಯ ಮೇಲೆ ಇಡಿ. ಆದರೆ ಖಾಲಿ ಕೋಣೆಯಲ್ಲಿ ಫೋನಿಗೆ ಕಥೆ ಹೇಳಿ ಎಂದರೆ ಯಾವ ಅಜ್ಜಿಗೂ ಕಥೆ ಬರುವುದಿಲ್ಲ. ಎದುರಿಗೆ ಮಕ್ಕಳು ಕೂತಿರಬೇಕು, ಹೂಂಗುಟ್ಟಬೇಕು. ಆ "ಹೂಂ" ಇಲ್ಲದಿದ್ದರೆ ಕಥೆಯ ಓಟವೇ ಹೋಗುತ್ತದೆ. ಧ್ವನಿಯಲ್ಲಿ ಮಕ್ಕಳ ಹೂಂ ಸೇರಿಕೊಂಡರೆ ಅಳಿಸಬೇಡಿ. ಆಮೇಲೆ ಟಿವಿಯಲ್ಲಿ ಕೇಳಿದಾಗ ಅದು ತಮ್ಮದೇ ದನಿ ಎಂದು ಮಕ್ಕಳು ಇನ್ನಷ್ಟು ಹತ್ತಿರ ಬರುತ್ತಾರೆ.

ಎರಡು ಸಲ ಮುದ್ರಿಸಿಕೊಳ್ಳಿ. ಮೊದಲನೆಯದು ಅಜ್ಜಿಯ ಸಹಜ ವೇಗದಲ್ಲಿ, ಪೂರ್ತಿ ಕಥೆ. ಇದು ಕೇಳುವುದಕ್ಕೆ. ಎರಡನೆಯದು ಸಾಲು ಸಾಲಾಗಿ, ನಡುವೆ ಉಸಿರು ಬಿಟ್ಟು, ನಿಧಾನವಾಗಿ. ಇದು ಓದುವುದಕ್ಕೆ. ಕಥೆ ಹೇಳುವ ವೇಗಕ್ಕೆ 3ನೇ ತರಗತಿ ಮಗುವಿನ ಕಣ್ಣು ಓಡಲಾರದು. ಫೋನಿನಲ್ಲಿ ವೇಗ ಕಮ್ಮಿ ಮಾಡುವ ಸೌಲಭ್ಯ ಇದೆಯಲ್ಲ ಎನ್ನಬಹುದು. ಹಾಗೆ ಎಳೆದ ದನಿ ಮನುಷ್ಯರ ಮಾತಿನಂತೆ ಕೇಳಿಸುವುದಿಲ್ಲ. ಅಜ್ಜಿಗೆ ಎರಡನೇ ಸಲ ದಣಿವಾದರೆ ಆ ಸಾಲುಗಳನ್ನು ನೀವೇ ಓದಿ, ತೊಂದರೆ ಇಲ್ಲ. ಯಂತ್ರದ ದನಿಯಲ್ಲಿ ಓದಿಸುವ ತಂತ್ರಾಂಶಗಳು ಈಗ ಸಿಗುತ್ತವೆ. ನನ್ನ ಮಟ್ಟಿಗೆ ಊರಿನ ಕಥೆಗೆ ಊರಿನವರ ದನಿಯೇ ಬೇಕು. ಮಗು ಆ ದನಿಯನ್ನು ನಂಬುತ್ತದೆ.

ಬರೆಯಲು ಕೂತಾಗ ನಿಮಗೆ ಖಂಡಿತ ಒಂದು ಪ್ರಶ್ನೆ ಎದುರಾಗುತ್ತದೆ. ಅಜ್ಜಿ "ಬಾಗಲಾ ತಗಿ" ಎಂದಿರುತ್ತಾರೆ. "ತಡೀ, ಕೂಸಿಗೆ ಎರಿಯಾಕತ್ತೀನಿ" ಎಂದಿರುತ್ತಾರೆ. ಪುಸ್ತಕದಲ್ಲಿ "ಬಾಗಿಲು ತೆಗೆ", "ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ" ಎಂದಿರುತ್ತದೆ. ಯಾವುದನ್ನು ಬರೆಯಬೇಕು? ನನ್ನ ಸಲಹೆ ಸ್ಪಷ್ಟ. ಕಥೆಯ ಪಾತ್ರಗಳು ಆಡುವ ಮಾತು ಅಜ್ಜಿ ಆಡಿದ ಹಾಗೇ ಇರಲಿ. ಕಥೆ ನಡೆಸುವ ವಾಕ್ಯಗಳು, ಅಂದರೆ "ಮಳೆ ಬಂತು", "ಕಾಗೆಯ ಮನೆ ಕರಗಿತು" ಎನ್ನುವಂಥವು, ಪುಸ್ತಕದ ಕನ್ನಡದಲ್ಲಿ, ಚಿಕ್ಕ ಚಿಕ್ಕದಾಗಿ ಇರಲಿ. ಆಗ ಮಗುವಿಗೆ ಎರಡು ಲಾಭ. ತನ್ನ ಮನೆಯ ಮಾತನ್ನೂ ಅಕ್ಷರದಲ್ಲಿ ಬರೆಯಬಹುದು, ಅದನ್ನೂ ಓದಬಹುದು ಎಂದು ತಿಳಿಯುತ್ತದೆ. ಜೊತೆಗೆ ಪಠ್ಯಪುಸ್ತಕದ ಕನ್ನಡ ಕಥೆಯ ಬಲದಿಂದಲೇ ನಿಧಾನವಾಗಿ ಹತ್ತಿರವಾಗುತ್ತದೆ. ಎಲ್ಲವನ್ನೂ ಪುಸ್ತಕದ ಭಾಷೆಗೆ ತಿದ್ದಿಬಿಟ್ಟರೆ, ದನಿ ಒಂದು ಹೇಳುತ್ತದೆ, ಅಕ್ಷರ ಇನ್ನೊಂದು ತೋರಿಸುತ್ತದೆ. ದನಿ ಮತ್ತು ಅಕ್ಷರ ಬೇರೆಯಾದರೆ ಇಡೀ ಪ್ರಯತ್ನದ ಬುಡವೇ ಅಲ್ಲಾಡುತ್ತದೆ. ಹಾಗಾಗಿ ನಿಧಾನದ ಮುದ್ರಣದಲ್ಲಿ ಪರದೆಯ ಮೇಲೆ ಇರುವ ಪದವನ್ನೇ, ಅಕ್ಷರಕ್ಕೆ ಅಕ್ಷರ ಸರಿಯಾಗಿ, ಹೇಳಬೇಕು.

ಕಥೆಯಲ್ಲಿ ಇರುವ ಕ್ರೌರ್ಯದ ಬಗ್ಗೆಯೂ ಒಂದು ಮಾತು. ಮಲತಾಯಿ ಕಾಟ, ಕೈ ಕಡಿಯುವುದು, ಒಂದು ಜಾತಿಯನ್ನು ಹೀಗಳೆಯುವ ಮಾತು, ಇವು ನಮ್ಮ ಕಥೆಗಳಲ್ಲಿ ಇವೆ. ಮಕ್ಕಳಿಗೆ ಸ್ವಲ್ಪ ಭಯ ಬೇಕು, ಭಯವಿಲ್ಲದ ಕಥೆ ಕಥೆಯಲ್ಲ. ಹುಲಿಯನ್ನು ಸಾಧು ಮಾಡಬೇಡಿ. ಆದರೆ ನಿಮ್ಮ ತರಗತಿಯಲ್ಲಿ ಕೂತಿರುವ ಯಾವುದೋ ಮಗುವಿನ ಮನೆತನವನ್ನು ನೋಯಿಸುವ ಕಥೆಯನ್ನು ತಿದ್ದಲು ಹೋಗದೆ ಪಕ್ಕಕ್ಕೆ ಇಡಿ. ಬೇರೆ ಕಥೆಗಳಿಗೆ ಬರವಿಲ್ಲ.

ತಯಾರಿಕೆಗೆ ದೊಡ್ಡ ತಂತ್ರಜ್ಞಾನ ಏನೂ ಬೇಡ. ಪವರ್‌ಪಾಯಿಂಟ್‌ನಲ್ಲಿ ಒಂದು ಪುಟಕ್ಕೆ ಒಂದೇ ಸಾಲು, ಹೆಚ್ಚೆಂದರೆ ಎರಡು. ಪದ ನಾಲ್ಕರಿಂದ ಆರು. ಮೇಲೆ ಅಲುಗಾಡದ ಒಂದು ಚಿತ್ರ, ಅದೂ ಮಕ್ಕಳೇ ಬರೆದು ನೀವು ಫೋಟೊ ತೆಗೆದದ್ದಾದರೆ ಇನ್ನೂ ಒಳ್ಳೆಯದು. ಕೆಳಗೆ ಬಿಳಿ ಜಾಗದಲ್ಲಿ ಕಪ್ಪು ಅಕ್ಷರ. ಚಿತ್ರದ ಮೇಲೆ ಅಕ್ಷರ ಬರೆಯಬೇಡಿ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಹೆಚ್ಚಿನ ಫಾಂಟುಗಳಲ್ಲಿ ಅದು ಚಿಕ್ಕದಾಗಿಯೂ ಕಾಣುತ್ತದೆ. ಆದ್ದರಿಂದ ಅಕ್ಷರ ದೊಡ್ಡದಿರಲಿ, ಎರಡು ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ಹಿಂದಿನ ಬೆಂಚಿನಲ್ಲಿ ಕೂತು ನೀವೇ ಒಮ್ಮೆ ನೋಡಿ, ಅಲ್ಲಿಂದ ಒತ್ತು ಕಾಣಬೇಕು. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ಕಡತ ಬೇರೆ ಫೋನಿನಲ್ಲಿ ತೆರೆದರೆ ಅಕ್ಷರವೆಲ್ಲ ಕಲಸಿಹೋಗುತ್ತದೆ. ನೋಟೊ ಸಾನ್ಸ್ ಕನ್ನಡದಂಥ ಉಚಿತ ಯೂನಿಕೋಡ್ ಫಾಂಟು ಸಾಕು.

ದನಿಗೆ ತಕ್ಕಂತೆ ಸಾಲಿನ ಬಣ್ಣ ತಾನಾಗಿ ಬದಲಾಗಬೇಕು ಎಂದರೆ ಬ್ಲೂಮ್ ಎಂಬ ಉಚಿತ ತಂತ್ರಾಂಶ ಇದೆ. ಅದರಲ್ಲಿ ಸಾಲು ಬರೆದು, ದನಿ ಸೇರಿಸಿ, ಮಾತಾಡುವ ಪುಸ್ತಕ ಮಾಡಬಹುದು, ಕನ್ನಡದಲ್ಲೂ ಆಗುತ್ತದೆ. ಅದು ಕಷ್ಟ ಎನಿಸಿದರೆ ಬೇಡ ಬಿಡಿ. ಟಿವಿಯ ಹತ್ತಿರ ನಿಂತು ಕೋಲಿನಿಂದ ಪದಗಳನ್ನು ತೋರಿಸುತ್ತಾ ಹೋದರೆ ಅದೇ ಕೆಲಸ ಆಗುತ್ತದೆ. ನಿಜ ಹೇಳಬೇಕೆಂದರೆ ಇನ್ನೂ ಚೆನ್ನಾಗಿ ಆಗುತ್ತದೆ, ಯಾಕೆಂದರೆ ಕೋಲು ಮಗುವಿಗಾಗಿ ಕಾಯುತ್ತದೆ, ತಂತ್ರಾಂಶ ಕಾಯುವುದಿಲ್ಲ.

ಚಿತ್ರ ಮುಟ್ಟಿದರೆ ಕಪ್ಪೆ ಹಾರುವುದು, ನಡುವೆ ಆಟ, ನಾಣ್ಯ ಗೆಲ್ಲುವುದು, ಇವೆಲ್ಲ ಬೇಡ. ಇದು ನನ್ನೊಬ್ಬನ ಅಭಿಪ್ರಾಯವಲ್ಲ. ತಾಕಾಚ್, ಸ್ವಾರ್ಟ್ ಮತ್ತು ಬಸ್ ಎಂಬ ಸಂಶೋಧಕರು 2015ರಲ್ಲಿ 43 ಅಧ್ಯಯನಗಳನ್ನು, 2,147 ಮಕ್ಕಳ ಮಾಹಿತಿಯನ್ನು, ಒಟ್ಟುಗೂಡಿಸಿ ನೋಡಿದರು. ಕಥೆಗೆ ಹೊಂದುವ ಚಲಿಸುವ ಚಿತ್ರ, ಶಬ್ದಗಳಿಂದ ಕಥೆ ಅರ್ಥವಾಗುವುದಕ್ಕೂ ಪದಗಳ ಕಲಿಕೆಗೂ ಸ್ವಲ್ಪ ಲಾಭ ಇದೆ. ಆಟ, ಮುಟ್ಟಿದರೆ ಏನೋ ಆಗುವ ಜಾಗಗಳಿಂದ ಆ ಲಾಭ ಸಿಗುವುದಿಲ್ಲ, ಅವು ಮಗುವಿನ ಗಮನವನ್ನು ಕಥೆಯಿಂದ ಆಚೆ ಎಳೆಯುತ್ತವೆ. 2021ರಲ್ಲಿ ಫುರೆನೆಸ್, ಕುಚಿರ್ಕೊವಾ ಮತ್ತು ಬಸ್ ಮಾಡಿದ ಇಂಥದ್ದೇ ಇನ್ನೊಂದು ಕೆಲಸದಲ್ಲಿ ಮತ್ತೊಂದು ಸಂಗತಿ ಕಂಡಿತು. ಕಾಗದದ ಪುಸ್ತಕವನ್ನು ಸುಮ್ನೆ ಪರದೆಗೆ ಹಾಕಿದರೆ ಕಾಗದವೇ ಮೇಲು. ಕಥೆಯನ್ನು ಅರ್ಥಮಾಡಿಸಲು ನೆರವಾಗುವ ಏನಾದರೂ ಸೇರಿದ್ದರೆ ಮಾತ್ರ ಪರದೆ ಮುಂದೆ ಬರುತ್ತದೆ. ಹಾಗಾಗಿ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಟಿವಿಗೆ ಹಾಕುವುದರಿಂದ ಏನೂ ಸಿಗುವುದಿಲ್ಲ. ನಿಮ್ಮ ಪುಟಕ್ಕೆ ಅಜ್ಜಿಯ ದನಿ ಸೇರಿದೆ ಎನ್ನುವುದೇ ಅದರ ಬೆಲೆ.

ತರಗತಿಯಲ್ಲಿ ಬಳಸುವಾಗ ದನಿಯನ್ನು ಹಂತ ಹಂತವಾಗಿ ಹಿಂದಕ್ಕೆ ತೆಗೆಯಬೇಕು. ನಾನು ಇಡೀ ಉತ್ತರದಲ್ಲಿ ನಿಮ್ಮ ಮನಸ್ಸಿನಲ್ಲಿ ಉಳಿಯಲಿ ಎಂದು ಬಯಸುವ ಮಾತು ಇದೇ. ಮೊದಲ ದಿನ ಟಿವಿ ಆರಿಸಿ ಕಥೆಯನ್ನು ಕಿವಿಯಿಂದ ಮಾತ್ರ ಕೇಳಲಿ. ಮಾರನೇ ದಿನ ದನಿಯ ಜೊತೆ ಸಾಲು ನೋಡಲಿ, ಕೋಲು ಪದದ ಕೆಳಗೆ ಸಾಗಲಿ. ಅದರ ಮಾರನೇ ದಿನ ತಿರುಗಿ ಬರುವ ಸಾಲು ಬಂದಾಗ ದನಿ ನಿಲ್ಲಿಸಿ, ಆ ಸಾಲನ್ನು ಮಕ್ಕಳೇ ಓದಲಿ. ಆಮೇಲೆ ಕಥೆ ನಡೆಸುವ ಸಾಲುಗಳನ್ನೂ ಅವರೇ ಓದಲಿ, ಪಾತ್ರದ ಮಾತಿಗೆ ಮಾತ್ರ ಅಜ್ಜಿಯ ದನಿ ಬರಲಿ. ವಾರದ ಕೊನೆಗೆ ದನಿ ಪೂರ್ತಿ ಇಲ್ಲ. ಒಂದೇ ಪಠ್ಯವನ್ನು ಮತ್ತೆ ಮತ್ತೆ ಓದಿಸಿದರೆ ಓದಿನ ಸರಾಗ ಹೆಚ್ಚುತ್ತದೆ ಎಂದು ಸ್ಯಾಮ್ಯುಯೆಲ್ಸ್ 1979ರಲ್ಲೇ ತೋರಿಸಿದ್ದರು. ಸಾಮಾನ್ಯ ಪಾಠವನ್ನು ಐದು ಸಲ ಓದಿಸಿದರೆ ಮಕ್ಕಳಿಗೆ ಬೇಜಾರು. ಇಷ್ಟದ ಕಥೆಯನ್ನು ಅವರೇ ಇನ್ನೊಂದು ಸಲ ಎನ್ನುತ್ತಾರೆ. 1ನೇ ತರಗತಿಯವರು ಅದೇ ಕೊಠಡಿಯಲ್ಲಿ ತಿರುಗಿ ಬರುವ ಸಾಲಿಗೆ ಮಾತ್ರ ಸೇರಿಕೊಳ್ಳಲಿ, ಅವರಿಗೆ ಅಷ್ಟು ಸಾಕು.

ಇಲ್ಲಿ ಒಂದು ಅಪಾಯ ಇದೆ. ಗೊತ್ತಿರುವ ಕಥೆಯನ್ನು ಮಗು ಓದದೆಯೇ ಒಪ್ಪಿಸಬಹುದು. ಗೋವಿನ ಹಾಡನ್ನು ಪುಸ್ತಕ ತಲೆಕೆಳಗಾಗಿ ಹಿಡಿದೂ ಹೇಳುವ ಮಕ್ಕಳಿದ್ದಾರೆ. ಅದಕ್ಕಾಗಿ ಆಗಾಗ ಸಾಲುಗಳ ಕ್ರಮ ತಪ್ಪಿಸಿ ತೋರಿಸಿ. ಕೋತಿಯ ಕಥೆಯಲ್ಲಿ ಕತ್ತಿ ಇರುವ ಕಡೆ ಬುಟ್ಟಿ ಎಂದು ಬರೆದಿಡಿ. ಅಕ್ಷರ ನೋಡುತ್ತಿರುವ ಮಗು ತಕ್ಷಣ ನಗುತ್ತದೆ ಅಥವಾ ಜಗಳಕ್ಕೆ ಬರುತ್ತದೆ. ಬಾಯಿಪಾಠ ಹೇಳುತ್ತಿರುವ ಮಗು ಕತ್ತಿ ಎಂದೇ ಮುಂದೆ ಹೋಗುತ್ತದೆ. ಯಾರಿಗೆ ಇನ್ನೂ ಸಹಾಯ ಬೇಕು ಎಂದು ಆ ಕ್ಷಣಕ್ಕೇ ಗೊತ್ತಾಗುತ್ತದೆ.

ವಾರದ ಕಥೆಯನ್ನು ಕಾಗದದ ಮೇಲೂ ಕೊಡಿ, ಒಂದು ಹಾಳೆ ಸಾಕು. ಮನೆಗೆ ವಿಡಿಯೋ ಕಳಿಸಬೇಡಿ, ಹಾಳೆ ಕಳಿಸಿ. ಮಗು ಅಜ್ಜಿಯ ಮುಂದೆ ಕೂತು ಓದಲಿ, ಅಜ್ಜಿ ಹೂಂಗುಟ್ಟಲಿ. ಎಷ್ಟೋ ಅಜ್ಜಿಯರಿಗೆ ಓದು ಬರುವುದಿಲ್ಲ, ಹಾಗಾಗಿ ಮಕ್ಕಳ ಓದಿಗೆ ತಾವು ಏನೂ ಮಾಡಲಾರೆವು ಎಂದುಕೊಂಡಿರುತ್ತಾರೆ. ಈ ಕಥೆಯ ವಿಷಯದಲ್ಲಿ ಹಾಗಲ್ಲ. ಕಥೆ ಅವರದು. ಮಗು ಒಂದು ಸಾಲು ಬಿಟ್ಟರೆ, ಒಂದು ಪದ ತಪ್ಪಿದರೆ, ಅಕ್ಷರ ಗೊತ್ತಿಲ್ಲದಿದ್ದರೂ ಅವರು ಹಿಡಿಯುತ್ತಾರೆ. ನಿಮ್ಮ ಊರಿನಲ್ಲಿ ಸಂಜೆ ಹೊತ್ತು ಓದು ತಿದ್ದುವ ಇಷ್ಟು ಜನ ಇದ್ದಾರೆ ಎಂದರೆ ಅದು ಎಂಥ ಬಲ ಯೋಚಿಸಿ. ಪಠ್ಯಪುಸ್ತಕದ ಪಾಠಕ್ಕೆ ಈ ಬಲ ಸಿಗುವುದಿಲ್ಲ.

ಮೊಬೈಲ್ ಹುಚ್ಚಿನ ಭಯಕ್ಕೂ ಇದೇ ಉತ್ತರ. ಪರದೆ ಶಾಲೆಯಲ್ಲಿ, ಎಲ್ಲರೂ ಕೂಡಿ, ದಿನಕ್ಕೆ 15-20 ನಿಮಿಷ. ಮನೆಯಲ್ಲಿ ಕಾಗದ. 5 ವರ್ಷದೊಳಗಿನ ತಮ್ಮ ತಂಗಿಯರಿಗಂತೂ ಇದನ್ನು ಫೋನಿನಲ್ಲಿ ತೋರಿಸುವ ಅಗತ್ಯವೇ ಇಲ್ಲ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಮ್ಮಿ ಇದ್ದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅವರಿಗೆ ಅಣ್ಣ ಅಕ್ಕ ಓದಿ ಹೇಳುವುದೇ ಚೆಂದ.

ಸುಧಾರಿಸಿದೆಯೋ ಇಲ್ಲವೋ ಎಂದು ನೋಡಲು ಅಭ್ಯಾಸ ಮಾಡಿಸಿದ ಕಥೆಯನ್ನೇ ಓದಿಸಬೇಡಿ. ಮಗು ಎಂದೂ ನೋಡಿರದ, ಅದೇ ಮಟ್ಟದ ಬೇರೆ ಪುಟ ಕೊಡಿ. ಹಳ್ಳಿ ಮಕ್ಕಳ ಓದನ್ನು ಅಳೆಯುವ ಅಸರ್ ಸಮೀಕ್ಷೆಯವರು 2005ರಿಂದ ಬಳಸುತ್ತಿರುವ ವಿಧಾನ ನಿಮಗೆ ಗೊತ್ತಿರಬಹುದು: ಅಕ್ಷರ, ಪದ, 1ನೇ ತರಗತಿ ಮಟ್ಟದ ಪ್ಯಾರಾ, 2ನೇ ತರಗತಿ ಮಟ್ಟದ ಕಥೆ. ತಿಂಗಳಿಗೊಮ್ಮೆ ಈ ರೀತಿ ನೋಡಿ, ಮಗು ಯಾವ ಮೆಟ್ಟಿಲಿನಲ್ಲಿದೆ ಎಂದು ಬರೆದಿಡಿ. ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ 3ನೇ ತರಗತಿಗೆ ನಿಮಿಷಕ್ಕೆ 60 ಪದದ ಗುರಿ ಇಟ್ಟಿದೆ. ಅದರ ಜೊತೆ ಅರ್ಥ ಆಗಿರಬೇಕು ಎಂದೂ ಇದೆ, ಆ ಭಾಗವನ್ನು ಮರೆಯಬೇಡಿ. ಕನ್ನಡದಲ್ಲಿ "ಮನೆಯಲ್ಲಿದ್ದವರಿಗೆಲ್ಲ" ಎಂಬುದೂ ಒಂದೇ ಪದ. ಎಣಿಕೆಗಿಂತ, ಓದಿದ ಮೇಲೆ ಮಗು ಆ ಕಥೆಯನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುತ್ತದೆಯೇ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಹೊಸ ಪುಟಗಳು ಎಲ್ಲಿ ಸಿಗುತ್ತವೆ ಎಂದರೆ, ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಓದಿನ ಮಟ್ಟದ ಪ್ರಕಾರ ಇವೆ. ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು, ನಿಮ್ಮ ಕಥೆಯನ್ನು ಅಲ್ಲಿಗೆ ಸೇರಿಸಲೂಬಹುದು. ಇನ್ನು ನಿಮ್ಮ ಜಿಲ್ಲೆಯ ಗೊಟಗೋಡಿಯಲ್ಲೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಕಥೆಯ ಬೇರೆ ಬೇರೆ ರೂಪಗಳನ್ನು ಬಲ್ಲವರು ಅಲ್ಲಿ ಸಿಗುತ್ತಾರೆ, ಒಮ್ಮೆ ಹೋಗಿ ಬನ್ನಿ.

ಹಕ್ಕಿನ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಜನಪದ ಕಥೆಗೆ ಒಬ್ಬ ಒಡೆಯ ಇಲ್ಲ. ಆದರೆ ಒಬ್ಬರು ಅದನ್ನು ತಮ್ಮ ಮಾತಿನಲ್ಲಿ ಬರೆದು ಪ್ರಕಟಿಸಿದ್ದರೆ ಆ ಬರಹಕ್ಕೆ ಹಕ್ಕು ಇದೆ. ನಮ್ಮ ಕಾನೂನಿನಲ್ಲಿ ಅದು ಬರೆದವರ ಜೀವಮಾನ ಮತ್ತು ಆಮೇಲೆ 60 ವರ್ಷ. ಉದಾಹರಣೆಗೆ, ಕಥೆ ಮತ್ತು ಹಾಡು ಗೊತ್ತಿದ್ದೂ ಯಾರಿಗೂ ಹೇಳದ ಹೆಂಗಸಿನ ಕಥೆಯನ್ನು ಎ. ಕೆ. ರಾಮಾನುಜನ್ ಕನ್ನಡದವರ ಬಾಯಿಂದ ಕೇಳಿ ಬರೆದುಕೊಂಡಿದ್ದಾರೆ. ಅವರು ತೀರಿಕೊಂಡದ್ದು 1993ರಲ್ಲಿ. ಅಂದರೆ ಅವರು ಬರೆದ ವಾಕ್ಯಗಳನ್ನು 2053ರ ಕೊನೆಯವರೆಗೆ ಅನುಮತಿ ಇಲ್ಲದೆ ಎತ್ತಿಕೊಳ್ಳುವ ಹಾಗಿಲ್ಲ. ಅದೇ ಕಥೆಯನ್ನು ನಿಮ್ಮ ಊರಿನ ಅಜ್ಜಿ ತಮ್ಮ ಮಾತಿನಲ್ಲಿ ಹೇಳಿದರೆ ಅದನ್ನು ಬಳಸಲು ಅಡ್ಡಿ ಇಲ್ಲ, ಅವರು ಒಪ್ಪಬೇಕು ಅಷ್ಟೇ. ಯೂಟ್ಯೂಬಿನಿಂದ ಯಾರದೋ ದನಿ ಇಳಿಸಿಕೊಳ್ಳಬೇಡಿ, ಹೇಳಿದವರಿಗೂ ಮುದ್ರಿಸಿದವರಿಗೂ ಅದರ ಮೇಲೆ ಹಕ್ಕಿರುತ್ತದೆ. ಅಜ್ಜಿಯ ದನಿಯನ್ನು ಶಾಲೆಯ ಒಳಗೆ ಮಾತ್ರ ಬಳಸುತ್ತೀರೋ, ಊರಾಚೆಗೂ ಕಳಿಸುತ್ತೀರೋ, ಹೆಸರು ಹಾಕಬೇಕೋ ಬೇಡವೋ, ಇದನ್ನೆಲ್ಲ ಅವರಿಗೆ ಅರ್ಥವಾಗುವಂತೆ ಕೇಳಿ. ಒಪ್ಪಿದ್ದನ್ನು ಅದೇ ಮುದ್ರಣದ ಕೊನೆಯಲ್ಲಿ ಅವರ ಬಾಯಿಂದಲೇ ಹೇಳಿಸಿಟ್ಟುಕೊಳ್ಳಿ. ಸಹಿ ಮಾಡಲು ಬಾರದವರಿಗೂ ಇದು ಅನುಕೂಲ, ಮುಂದೆ ಅವರ ಮನೆಯವರು ಕೇಳಿದರೆ ತೋರಿಸಲು ನಿಮ್ಮ ಹತ್ತಿರವೂ ಇರುತ್ತದೆ.